ಮಗುವಿನ ತಟ್ಟೆಯ ಜೊತೆಗೆ ತಾಯಿಯ ತಟ್ಟೆ: ದುಡಿಯುವ ಮನೆಗಳ ಪೋಷಣೆಯ ಕುರಿತು ಚರ್ಚೆ

ಚರ್ಚೆ ಆರಂಭಿಸಿದವರು

ನನ್ನ ಮಗುವಿಗೆ ಇನ್ನೇನು ಆರು ತಿಂಗಳು ತುಂಬಲಿದೆ. ಹೆರಿಗೆ ರಜೆ ಮುಗಿದು ನಾನು ಕೆಲಸಕ್ಕೆ ಮರಳುವ ದಿನವೂ ಹತ್ತಿರ ಬಂದಿದೆ. ಪತಿಯೂ ದುಡಿಯುವುದರಿಂದ ಹಗಲು ಹೊತ್ತಿನಲ್ಲಿ ಮಗುವನ್ನು ಅತ್ತೆಯವರು ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಹೋಗಲು ತೊಡಗಿದ ಮೇಲೂ ಎದೆಹಾಲನ್ನು ಮುಂದುವರಿಸಬಹುದೇ, ಮುಂದುವರಿಸುವುದಾದರೆ ಹಿಂಡಿದ ಹಾಲನ್ನು ಹೇಗೆ ಇಡಬೇಕು, ಮಗುವಿಗೆ ಮೊದಲ ಆಹಾರವನ್ನು ಎಷ್ಟು ಮತ್ತು ಎಷ್ಟು ಗಟ್ಟಿಯಾಗಿ ಕೊಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಯಾರ ಮಾತನ್ನೂ ತೆಗೆದುಹಾಕುವ ಮನಸ್ಸು ನನಗಿಲ್ಲ, ಆದರೆ ಎಲ್ಲವನ್ನೂ ಪಾಲಿಸುವುದು ಸಾಧ್ಯವೂ ಇಲ್ಲ.

ನನ್ನ ಬಗ್ಗೆಯೂ ಒಂದು ಮಾತನ್ನು ಸೇರಿಸುತ್ತೇನೆ. ಹೆರಿಗೆಯ ನಂತರ ಸುಸ್ತು ಬಿಟ್ಟೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇತ್ತೀಚಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 9.8 ಗ್ರಾಂ ಎಂದು ಬಂದಿದೆ. ಬಾಣಂತಿಯರಿಗೆ ಇದು ಸಹಜವೆಂದು ಹಲವರು ಹೇಳುತ್ತಾರೆ. ನಿಜವೇ?

ಮಕ್ಕಳ ವಾರ್ಡಿನ ದಾದಿ

ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ನೀವು ಕೊನೆಗೆ ಇಟ್ಟಿದ್ದೀರಿ ಮತ್ತು ನಮ್ಮ ವಾರ್ಡಿಗೆ ಬರುವ ಬಹುತೇಕ ತಾಯಂದಿರೂ ಹಾಗೆಯೇ ಮಾಡುತ್ತಾರೆ. ಅದು ಸಾಮಾನ್ಯ, ಆದರೆ ಸಹಜವಲ್ಲ. ಗರ್ಭಿಣಿಯಲ್ಲದ ವಯಸ್ಕ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ, 8ರಿಂದ 10.9ರವರೆಗಿನದನ್ನು ಮಧ್ಯಮ ಪ್ರಮಾಣದ್ದೆಂದು ಗುರುತಿಸುತ್ತದೆ. ಆದ್ದರಿಂದ ನಿಮ್ಮದು ವೈದ್ಯರ ಬಳಿ ಹೋಗಿ ಚಿಕಿತ್ಸೆ ಪಡೆಯಬೇಕಾದ ಸ್ಥಿತಿ, ದಿನ ಕಳೆದಂತೆ ತಾನಾಗಿ ಸರಿಹೋಗುವುದೆಂದು ಕಾಯಬೇಕಾದದ್ದಲ್ಲ.

ಎದೆಹಾಲಿನ ವಿಷಯದಲ್ಲಿ ಆತಂಕ ಬೇಡ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಪೂರಕ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ಸಂಸ್ಥೆಯ ಸಲಹೆ, ಮತ್ತು ಕೆಲಸಕ್ಕೆ ಹೋಗುವ ತಾಯಂದಿರೂ ಇದನ್ನು ಪಾಲಿಸಬಲ್ಲರು. ಕೆಲಸಕ್ಕೆ ಹೊರಡುವ ಮುನ್ನ ಒಮ್ಮೆ, ಮರಳಿದ ಕೂಡಲೇ ಒಮ್ಮೆ, ರಾತ್ರಿ ಮಗು ಕೇಳಿದಾಗಲೆಲ್ಲ ಹಾಲೂಡಿಸಿರಿ. ಹಗಲಿನಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಹಾಲು ಹಿಂಡುವುದನ್ನು ತಪ್ಪಿಸಬೇಡಿ. ಹಿಂಡದೆ ಬಿಟ್ಟರೆ ಎದೆ ಬಿಗಿದು ನೋವಾಗುವುದಷ್ಟೇ ಅಲ್ಲ, ಹಾಲಿನ ಉತ್ಪತ್ತಿಯೂ ಇಳಿಯುತ್ತದೆ, ಏಕೆಂದರೆ ಎದೆ ಬರಿದಾದಷ್ಟೂ ದೇಹ ಹಾಲನ್ನು ತಯಾರಿಸುತ್ತದೆ.

ಆಗತಾನೇ ಹಿಂಡಿದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ ಸುಮಾರು 6 ತಿಂಗಳು ಇಡಬಹುದು. ಸೆಕೆ ಹೆಚ್ಚಿರುವ ಕಡೆ 4 ಗಂಟೆಯನ್ನು ನೆಚ್ಚಿಕೊಳ್ಳದೆ ಕೂಡಲೇ ತಂಪಿನಲ್ಲಿಡುವುದೇ ಲೇಸು. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ತಾಕುತ್ತದೆ. ಒಳಗೆ ಹಿಂಬದಿಯಲ್ಲಿ, ದಿನಾಂಕ ಬರೆದು, ಒಂದು ಹೊತ್ತಿಗೆ ಸಾಲುವಷ್ಟನ್ನೇ ಒಂದೊಂದು ಡಬ್ಬಿಯಲ್ಲಿ ಇಡಿ. ಇಟ್ಟ ಹಾಲಿನ ಮೇಲೆ ಕೆನೆಯಂತಹ ಪದರ ನಿಲ್ಲುವುದನ್ನು ಕಂಡು ಹಾಲು ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಅದು ಕೊಬ್ಬು ಬೇರ್ಪಟ್ಟಿರುವುದು ಮಾತ್ರ, ಮೆಲ್ಲಗೆ ಆಡಿಸಿದರೆ ಬೆರೆಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯನ್ನು ಇಳಿಸಿ ಬೆಚ್ಚಗೆ ಮಾಡಬೇಕೇ ಹೊರತು ಒಲೆಯ ಮೇಲಿಟ್ಟು ಕಾಯಿಸಬಾರದು, ಮೈಕ್ರೋವೇವಿನಲ್ಲಿಯೂ ಇಡಬಾರದು. ಮಗು ಕುಡಿದು ಉಳಿಸಿದ್ದನ್ನು 2 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಿಬಿಡಿ. ಅತ್ತೆಯವರು ಸೀಸೆಯ ಬದಲು ಚಿಕ್ಕ ಲೋಟದಿಂದ ಕುಡಿಸಲು ರೂಢಿಸಿಕೊಂಡರೆ ತೊಳೆಯುವುದೂ ಸುಲಭ, ಸೋಂಕಿನ ಭಯವೂ ಕಡಿಮೆ.

ಪೂರಕ ಆಹಾರದ ವಿಷಯದಲ್ಲಿ ನಾನು ಪ್ರತಿದಿನ ಕಾಣುವ ಕೊರತೆ ಒಂದೇ: ನೀರಾಗಿರುವ ಆಹಾರ. ಮಗುವಿನ ಹೊಟ್ಟೆಯ ಗಾತ್ರ ಅದರ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 30 ಮಿಲಿಲೀಟರ್ ಮಾತ್ರ, ಅಂದರೆ 7 ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಹೊತ್ತಿಗೆ 210 ಮಿಲಿಲೀಟರ್ ಆಸುಪಾಸಿನಲ್ಲೇ ತುಂಬಿಹೋಗುತ್ತದೆ. ಅಷ್ಟು ಚಿಕ್ಕ ಜಾಗವನ್ನು ತಿಳಿಗಂಜಿಯಿಂದಲೋ ಬೇಳೆಯ ಕಟ್ಟಿನಿಂದಲೋ ತುಂಬಿಸಿದರೆ ಮಗು ಹೊಟ್ಟೆ ತುಂಬಿದಂತೆ ಮುಖ ತಿರುಗಿಸುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿ ಸಿಕ್ಕಿರುವುದಿಲ್ಲ. ಚಮಚವನ್ನು ಓರೆಯಾಗಿಸಿದಾಗ ಸುರಿದುಹೋಗದೆ ಚಮಚದಲ್ಲೇ ನಿಲ್ಲುವಷ್ಟು ಗಟ್ಟಿಯಾಗಿರಲಿ, ಅದರಲ್ಲಿ ನುಣ್ಣಗೆ ಮಸೆದ ಬೇಳೆ, ಬೇಯಿಸಿದ ಸೊಪ್ಪು ಅಥವಾ ತರಕಾರಿ, ತಿನ್ನುವವರಾದರೆ ಮೊಟ್ಟೆ ಅಥವಾ ಮಾಂಸ, ಜೊತೆಗೆ ಒಂದಿಷ್ಟು ಎಣ್ಣೆ ಅಥವಾ ತುಪ್ಪ ಇರಲಿ. ಎದೆಹಾಲು ಕುಡಿಯುವ ಮಗುವಿಗೆ ಆಹಾರದಿಂದ ಸಿಗಬೇಕಾದ ಶಕ್ತಿ 6ರಿಂದ 8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ, 9ರಿಂದ 11 ತಿಂಗಳಲ್ಲಿ 300, ಒಂದು ವರ್ಷದ ನಂತರ 550. ಮೊದಲಿಗೆ ಎರಡು ಮೂರು ಹೊತ್ತು, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಹೊತ್ತು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಲೂ ಬೇಡಿ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ಇಡೀ ಬೀಜಗಳನ್ನೂ ಇಡೀ ದ್ರಾಕ್ಷಿಯನ್ನೂ ಐದು ವರ್ಷದವರೆಗೆ ಕೊಡಬಾರದು, ಉಸಿರುಗಟ್ಟುವ ಅಪಾಯವಿದೆ.

ಆಹಾರ ತಜ್ಞೆ

ದಾದಿಯವರು ಹೇಳಿದ್ದಕ್ಕೆ ಕಬ್ಬಿಣಾಂಶದ ಬಗ್ಗೆ ಸ್ವಲ್ಪ ವಿವರವಾಗಿ ಸೇರಿಸುತ್ತೇನೆ, ಏಕೆಂದರೆ ತಾಯಿಯ ಸುಸ್ತು ಮತ್ತು ಮಗುವಿನ ಬೆಳವಣಿಗೆ ಎರಡೂ ಸಂಧಿಸುವ ಜಾಗ ಅದು. ತುಂಬು ತಿಂಗಳಿಗೆ ಹುಟ್ಟಿದ ಮಗು ತಾಯಿಯಿಂದ ಪಡೆದುಕೊಂಡು ಬಂದ ಕಬ್ಬಿಣಾಂಶದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಹೀಗಾಗಿ ಆರನೆಯ ತಿಂಗಳಿನಿಂದ ಆಚೆಗೆ ಅದು ಆಹಾರದಿಂದಲೇ ಬರಬೇಕು, ಮತ್ತು ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವೂ ಅದೇ. ಗರ್ಭ ನಿಂತ ದಿನದಿಂದ ಮಗುವಿನ ಎರಡನೆಯ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನಗಳಿಗೆ ತಜ್ಞರು ಇಷ್ಟು ಒತ್ತು ಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ನಿಮ್ಮ ಮಾತು. ವಯಸ್ಕ ಪುರುಷನಿಗಿಂತ ಋತುಸ್ರಾವವಿರುವ ವಯಸ್ಸಿನ ಮಹಿಳೆಗೆ ಎರಡು ಪಟ್ಟಿಗಿಂತಲೂ ಹೆಚ್ಚು ಕಬ್ಬಿಣಾಂಶ ಬೇಕು. ಅಮೆರಿಕದ ಶಿಫಾರಸಿನಲ್ಲಿ ಪುರುಷನಿಗೆ ದಿನಕ್ಕೆ 8 ಮಿಲಿಗ್ರಾಂ, ಮಹಿಳೆಗೆ 18, ಗರ್ಭಿಣಿಗೆ 27. ಆದರೆ ತಟ್ಟೆಯ ಗಾತ್ರ ಮಾತ್ರ ಸಾಮಾನ್ಯವಾಗಿ ಇದಕ್ಕೆ ತಿರುವುಮುರುವಾಗಿರುತ್ತದೆ, ಎಲ್ಲರಿಗೂ ಬಡಿಸಿದ ಮೇಲೆ ಉಳಿದದ್ದನ್ನು ಅವಸರದಲ್ಲಿ ನಿಂತುಕೊಂಡೇ ತಿನ್ನುವ ತಾಯಂದಿರು ಎಷ್ಟೋ ಜನ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳಲ್ಲಿ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚುವರಿ ಶಕ್ತಿ ಬೇಕು ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ಅದು ಬಹುಮಟ್ಟಿಗೆ ಇನ್ನೊಂದು ಹೊತ್ತಿನ ಊಟವೇ ಸರಿ.

ಸಸ್ಯಮೂಲದ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ನಿಂಬೆ, ಕಿತ್ತಳೆ, ಸೀಬೆ, ಟೊಮೆಟೊ ಮುಂತಾದ ಸಿ ಜೀವಸತ್ವವಿರುವ ಏನಾದರೂ ಇದ್ದರೆ ಹೀರಿಕೆ ಗಣನೀಯವಾಗಿ ಹೆಚ್ಚುತ್ತದೆ. ಚಹಾ, ಕಾಫಿ ಅದನ್ನು ತಡೆಯುತ್ತವೆ. ಊಟದ ಜೊತೆಗೆ ಕುಡಿಯುವ ಚಹಾವನ್ನು ಒಂದೆರಡು ಗಂಟೆ ಮುಂದಕ್ಕೆ ಹಾಕುವುದು ಖರ್ಚಿಲ್ಲದ, ಆದರೆ ನಿಜವಾದ ಪರಿಹಾರ. ಹಾಗೆಂದು 9.8ರಲ್ಲಿರುವ ಹಿಮೋಗ್ಲೋಬಿನನ್ನು ಸೊಪ್ಪಿನಿಂದಲೇ ಮೇಲಕ್ಕೆ ತರುತ್ತೇನೆಂದು ಹೊರಡಬೇಡಿ. ಆಹಾರ ಕೊರತೆಯನ್ನು ತಡೆಯುತ್ತದೆ, ಆಗಿಹೋದ ಕೊರತೆಯನ್ನು ತುಂಬಲು ಮಾತ್ರೆ ಬೇಕು. ಮಾತ್ರೆಯಿಂದ ಮಲಬದ್ಧತೆ ಮತ್ತು ಹೊಟ್ಟೆ ತೊಳಸುವಿಕೆ ಉಂಟಾದಾಗ ಅನೇಕರು ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಮುಂದಿನ ಹೀರಿಕೆಯನ್ನು ತಗ್ಗಿಸುತ್ತದೆ ಎಂದು ಗೊತ್ತಾದ ಮೇಲೆ ಕೆಲವರಿಗೆ ದಿನ ಬಿಟ್ಟು ದಿನ ಕೊಡುವ ಕ್ರಮವೂ ಬಳಕೆಗೆ ಬಂದಿದೆ. ನಿಮಗೆ ಯಾವುದು ಸರಿಯೆಂಬುದನ್ನು ವೈದ್ಯರೇ ನಿರ್ಧರಿಸಲಿ.

ಪಾಳಿಯಲ್ಲಿ ದುಡಿಯುವ ಕಾರ್ಮಿಕ ಮಹಿಳೆ

ಮೇಲಿನ ಇಬ್ಬರೂ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಗೌರವದಿಂದಲೇ ಓದಿದ್ದೇನೆ. ಆದರೂ ನನ್ನದೊಂದು ಆಕ್ಷೇಪವಿದೆ. ಮೂರು ಗಂಟೆಗೊಮ್ಮೆ ಹಾಲು ಹಿಂಡಿರಿ, ಚಹಾವನ್ನು ಮುಂದಕ್ಕೆ ಹಾಕಿರಿ, ದಿನಕ್ಕೆ ಇನ್ನೊಂದು ಹೊತ್ತು ಊಟ ಮಾಡಿರಿ ಎಂಬ ಎಲ್ಲ ಸಲಹೆಗಳೂ ಮಹಿಳೆಯ ಕೈಯಲ್ಲಿ ಸಮಯವಿದೆ ಎಂದುಕೊಂಡೇ ಹೊರಡುತ್ತವೆ. ನಾನು ಹಿಂದೆ ದುಡಿಯುತ್ತಿದ್ದ ಕಡೆ ಹಾಲು ಹಿಂಡಲು ಶೌಚಾಲಯವನ್ನು ಬಿಟ್ಟರೆ ಬಾಗಿಲಿರುವ ಬೇರೆ ಜಾಗವೇ ಇರಲಿಲ್ಲ. ಯಂತ್ರ ಬಿಟ್ಟು ಏಳಬೇಕಾದರೆ ಮೇಲ್ವಿಚಾರಕರನ್ನು ಕೇಳಬೇಕು, ಪದೇಪದೇ ಕೇಳುವುದಕ್ಕೆ ನಾಚಿಕೆ, ಆದ್ದರಿಂದ ನಮ್ಮಲ್ಲಿ ಅನೇಕರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದೆವು. ಮೂತ್ರದ ಸೋಂಕು ಸರದಿಯ ಮೇಲೆ ಎಲ್ಲರಿಗೂ ಬರುತ್ತಿತ್ತು. ಅಲ್ಲಿ ಯಾರಿಗೂ ತಿಳಿವಳಿಕೆಯ ಕೊರತೆಯಿರಲಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸಂಬಳವಿಲ್ಲದ ಆರೈಕೆ ಕೆಲಸದಲ್ಲಿ 76.2 ಶೇಕಡಾವನ್ನು ಮಹಿಳೆಯರೇ ಮಾಡುತ್ತಾರೆ. ದಿನಕ್ಕೆ ಸರಾಸರಿ ಮಹಿಳೆಯರದು 4 ಗಂಟೆ 25 ನಿಮಿಷ, ಪುರುಷರದು 1 ಗಂಟೆ 23 ನಿಮಿಷ. ಪೌಷ್ಟಿಕತೆಯ ಮಾತು ಬಂದಾಗಲೆಲ್ಲ ಈ ಲೆಕ್ಕವನ್ನು ಜೊತೆಗಿಟ್ಟು ನೋಡಬೇಕು. ಸಲಹೆಗಳ ಪಟ್ಟಿ ಬೆಳೆದಷ್ಟೂ ಅದು ಅದೇ ನಾಲ್ಕೂವರೆ ಗಂಟೆಯ ಮೇಲೆ ಹೇರಿಕೆಯಾಗುತ್ತದೆ, ಮಗು ತೂಕ ಏರದಿದ್ದರೆ ದೂರು ಬರುವುದೂ ಅವಳ ಮೇಲೆಯೇ.

ಕೇಳುವುದಕ್ಕೆ ಹಕ್ಕು ಇದೆ ಎಂಬುದನ್ನೂ ತಿಳಿದಿರಿ. ಅದೇ ಸಂಘಟನೆಯ 2000ನೇ ಇಸವಿಯ 183ನೇ ಒಡಂಬಡಿಕೆ ಕನಿಷ್ಠ 14 ವಾರಗಳ ಹೆರಿಗೆ ರಜೆಯನ್ನು ವಿಧಿಸುತ್ತದೆ, ಹಾಲೂಡಿಸುವ ತಾಯಿಗೆ ದಿನಕ್ಕೆ ಒಂದು ಅಥವಾ ಹೆಚ್ಚು ಬಿಡುವು ಅಥವಾ ಕೆಲಸದ ಅವಧಿಯಲ್ಲಿ ಕಡಿತ ಇರಬೇಕೆಂದೂ, ಆ ಬಿಡುವನ್ನು ಕೆಲಸದ ಸಮಯವೆಂದೇ ಎಣಿಸಿ ಸಂಬಳ ಕೊಡಬೇಕೆಂದೂ ಹೇಳುತ್ತದೆ. ಎಲ್ಲ ದೇಶಗಳೂ ಇದನ್ನು ಒಪ್ಪಿ ಅನುಮೋದಿಸಿಲ್ಲ, ಆದರೆ ಅನೇಕ ದೇಶಗಳ ಸ್ವಂತ ಕಾನೂನಿನಲ್ಲಿ ಇಂತಹ ಬಿಡುವಿಗೆ ಅವಕಾಶವಿದೆ. ಕೆಲಸಕ್ಕೆ ಮರಳುವ ಮುನ್ನವೇ ಲಿಖಿತವಾಗಿ ಕೇಳಿ.

ಸಣ್ಣ ಘಟಕವೊಂದನ್ನು ನಡೆಸುವವರು

ಅಕ್ಕನವರ ಮಾತನ್ನು ನಾನು ಮಾಲೀಕನ ಕಡೆಯಿಂದಲೇ ಒಪ್ಪುತ್ತೇನೆ. ನಮ್ಮಲ್ಲಿ ಸಾಮಾನು ತುಂಬಿದ್ದ ಚಿಕ್ಕ ಕೋಣೆಯೊಂದನ್ನು ಖಾಲಿ ಮಾಡಿ, ಒಳಗಿನಿಂದ ಚಿಲಕ, ಕುರ್ಚಿ, ವಿದ್ಯುತ್ ಸಂಪರ್ಕ, ಕೈ ತೊಳೆಯಲು ನೀರು, ಚಿಕ್ಕ ಫ್ರಿಜ್ ಇಷ್ಟನ್ನು ಮಾಡಿದೆವು. ಖರ್ಚು ಭಾರವೆನಿಸಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಬಿಡುವಿನ ಸಮಯವನ್ನು ವೇಳಾಪಟ್ಟಿಯಲ್ಲಿ ಬರೆದು ಗೋಡೆಗೆ ಹಾಕಿದ್ದು. ಬರೆದು ಹಾಕಿದ ಮೇಲೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಏಳುವ ಹೊತ್ತಿಗೆ ಎದ್ದು ಹೋಗುತ್ತಾರೆ. ಹೆರಿಗೆಯ ನಂತರ ಕೆಲಸ ಬಿಟ್ಟುಹೋಗುತ್ತಿದ್ದ ಅನುಭವಿ ಕೈಗಳು ಈಗ ಮರಳಿ ಬರುತ್ತಿವೆ.

ಇಬ್ಬರು ಮಕ್ಕಳ ತಂದೆ

ಆ 1 ಗಂಟೆ 23 ನಿಮಿಷದ ಲೆಕ್ಕ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಹಾಲೂಡಿಸುವುದೊಂದನ್ನು ಬಿಟ್ಟರೆ ಮಗುವಿನ ಯಾವ ಕೆಲಸವೂ ತಂದೆಯಿಂದ ಆಗದ್ದಲ್ಲ. ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ, ಮಕ್ಕಳಿಗೆ ತಿನ್ನಿಸುವುದು, ಡಬ್ಬಿ ಕಟ್ಟುವುದು ಇವು ನನ್ನವು. 'ಸಹಾಯ ಮಾಡಲೇ' ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಹಾಗೆ ಕೇಳಿದಾಗ ಏನು ಮಾಡಬೇಕೆಂದು ಯೋಚಿಸಿ ಹೇಳುವ ಕೆಲಸ ಅವಳದೇ ಆಗಿ ಉಳಿಯುತ್ತದೆ. ಬೇಳೆ ಮುಗಿಯಿತೇ, ಮಗುವಿನ ಲಸಿಕೆ ಯಾವಾಗ, ನಾಳೆ ಬೆಳಿಗ್ಗೆ ಏನು ಎಂಬುದೆಲ್ಲ ನನ್ನ ತಲೆಯಲ್ಲೂ ಇರಬೇಕು. ಪ್ರಶ್ನೆ ಕೇಳಿರುವ ಸಹೋದರಿಯ ಪತಿಯವರು ಇದನ್ನು ಓದುವುದಾದರೆ, ಹಿಂಡಿದ ಹಾಲಿನ ಡಬ್ಬಿಗಳನ್ನು ತೊಳೆದು ಕುದಿಸಿಡುವ ಕೆಲಸದಿಂದ ಆರಂಭಿಸಲಿ. ಪ್ರತಿ ರಾತ್ರಿ ಇರುವ ಕೆಲಸವದು.

ಶಿಶುಪಾಲನಾ ಕೇಂದ್ರದ ನಿವೃತ್ತ ಶಿಕ್ಷಕಿ

ಮಗುವನ್ನು ಹಗಲು ನೋಡಿಕೊಳ್ಳುವ ಅತ್ತೆಯವರಿಗಾಗಿ ನಾನು ಬರೆಯುತ್ತಿದ್ದೇನೆ. ಅಮ್ಮಾ, ಮಗು ಎರಡು ತುತ್ತು ತಿಂದು ಬಾಯಿ ಮುಚ್ಚಿದರೆ ಗಾಬರಿಯಾಗುವುದು ನಮಗೆಲ್ಲ ಇದ್ದದ್ದೇ. ಆ ಗಾಬರಿಯಲ್ಲಿ ಮೊಬೈಲ್ ತೋರಿಸುತ್ತೇವೆ, ಕೈ ಹಿಡಿದು ಬಾಯಿಗೆ ತುರುಕುತ್ತೇವೆ. ಮೊಬೈಲ್ ನೋಡುತ್ತಾ ನುಂಗುವ ಮಗು ಹಸಿವನ್ನೂ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದನ್ನೂ ತಿಳಿಯುವುದಿಲ್ಲ. ಎರಡು ವರ್ಷ ತುಂಬುವ ಮುನ್ನ ಪರದೆಯ ಮುಂದೆ ಕೂರಿಸಲೇಬಾರದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಒಂದು ಹಂಚಿಕೆ ನಮ್ಮ ಕೇಂದ್ರದಲ್ಲಿ ಬಹಳ ಉಪಯೋಗಕ್ಕೆ ಬಂತು: ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಬೇಕು, ತಿನ್ನಬೇಕೇ ಬೇಡವೇ ಮತ್ತು ಎಷ್ಟು ಎಂಬುದನ್ನು ಮಗುವಿಗೆ ಬಿಡಬೇಕು.

ಹೊಸ ರುಚಿಯನ್ನು ಮಗು ಉಗುಳಿದರೆ ಅದನ್ನು ಬೇಡವೆಂಬ ತೀರ್ಪೆಂದುಕೊಳ್ಳಬೇಡಿ. ಒಂದೇ ಪದಾರ್ಥವನ್ನು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಬೇರೆ ಬೇರೆ ದಿನ ಮುಂದಿಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ನನ್ನ ಕೈಯಲ್ಲಿ ಬೆಳೆದ ಒಂದು ಕೂಸು ಬೇಯಿಸಿದ ಸೊಪ್ಪನ್ನು ಬಾಯಲ್ಲೇ ಬೇರ್ಪಡಿಸಿ, ಬೆರಳಿನಿಂದ ತೆಗೆದು, ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸುತ್ತಿತ್ತು. ನಾವು ಬೈಯಲೂ ಇಲ್ಲ, ಸೊಪ್ಪನ್ನು ನಿಲ್ಲಿಸಲೂ ಇಲ್ಲ. ಪಕ್ಕದಲ್ಲಿ ಕುಳಿತು ನಾವೂ ಅದನ್ನೇ ತಿನ್ನುತ್ತಿದ್ದೆವು. ಕೆಲವು ವಾರಗಳಲ್ಲಿ ಆ ಸಾಲು ಗಿಡ್ಡವಾಗುತ್ತಾ ಬಂತು. ಸಕ್ಕರೆ ಬೆರೆಸಿ ತಿನ್ನಿಸುವ ದಾರಿಯನ್ನು ಮಾತ್ರ ಹಿಡಿಯಬೇಡಿ.

ಚರ್ಚೆ ಆರಂಭಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಶಿಕ್ಷಕಿಯವರ ಬರಹವನ್ನು ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಪತಿ ಡಬ್ಬಿಗಳ ಹೊಣೆ ಹೊತ್ತಿದ್ದಾರೆ. ಬರೆಯಲು ಹಿಂಜರಿದಿದ್ದ ಇನ್ನೊಂದು ಮಾತಿದೆ. ಮಗು ಮಲಗಿದಾಗಲೂ ನನಗೆ ನಿದ್ದೆ ಬರುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲ. ಊಟ ಸೇರದಿರುವುದು ರಕ್ತಹೀನತೆಯಿಂದಲೋ ಇದರಿಂದಲೋ ತಿಳಿಯುತ್ತಿಲ್ಲ.

ಮಕ್ಕಳ ವಾರ್ಡಿನ ದಾದಿ

ಬರೆದದ್ದು ಒಳ್ಳೆಯದಾಯಿತು. ಹೆರಿಗೆಯಾದ ಮಹಿಳೆಯರಲ್ಲಿ ಜಗತ್ತಿನಾದ್ಯಂತ ಸುಮಾರು 13 ಶೇಕಡಾ ಮಂದಿ ಮಾನಸಿಕ ಅನಾರೋಗ್ಯವನ್ನು, ಮುಖ್ಯವಾಗಿ ಖಿನ್ನತೆಯನ್ನು, ಅನುಭವಿಸುತ್ತಾರೆ. ಹೆರಿಗೆಯ ನಂತರದ ಮೊದಲ ಎರಡು ವಾರಗಳ ಅಳು ಬಹುಮಂದಿಗೆ ತಾನಾಗಿ ಕಳೆಯುತ್ತದೆ, ತಿಂಗಳುಗಟ್ಟಲೆ ಉಳಿದರೆ ಅದು ಖಿನ್ನತೆಯಿರಬಹುದು. ಅದು ಮನಸ್ಸಿನ ದೌರ್ಬಲ್ಯವಲ್ಲ, ತಾಯ್ತನದ ಕೊರತೆಯಂತೂ ಅಲ್ಲವೇ ಅಲ್ಲ. ರಕ್ತಹೀನತೆ ಮತ್ತು ಥೈರಾಯಿಡ್ ಏರುಪೇರು ಕೂಡ ಇಂತಹ ಲಕ್ಷಣಗಳನ್ನು ಕೊಡುವುದರಿಂದ ಎರಡನ್ನೂ ಒಟ್ಟಿಗೆ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ, ಉತ್ತರಿಸಲು ಕೆಲವೇ ನಿಮಿಷ ಸಾಕು. ಹಾಲೂಡಿಸುತ್ತಲೇ ಪಡೆಯಬಹುದಾದ ಚಿಕಿತ್ಸೆಗಳಿವೆ, ಆ ಭಯದಿಂದ ಮುಂದೂಡಬೇಡಿ. ನಿಮಗಾಗಲೀ ಮಗುವಿಗಾಗಲೀ ಹಾನಿ ಮಾಡಿಕೊಳ್ಳುವ ಯೋಚನೆ ಎಂದಾದರೂ ಬಂದರೆ ಅಂದೇ, ಆ ಕ್ಷಣವೇ, ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಇನ್ನು ಮನೆಯವರಿಗೆ ನನ್ನ ವಿನಂತಿ: ರಾತ್ರಿ ಒಂದು ಹೊತ್ತಿನ ಹಾಲನ್ನು ಬೇರೆಯವರು ಲೋಟದಲ್ಲಿ ಕುಡಿಸಿ, ಇವರಿಗೆ ನಾಲ್ಕೈದು ಗಂಟೆ ಎಡೆಬಿಡದ ನಿದ್ದೆ ಸಿಗುವಂತೆ ಮಾಡಿ.

ಪಾಳಿಯಲ್ಲಿ ದುಡಿಯುವ ಕಾರ್ಮಿಕ ಮಹಿಳೆ

ಸಹೋದರಿ, ವೈದ್ಯರ ಬಳಿಗೆ ಒಬ್ಬರೇ ಹೋಗಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಆಹಾರ ತಜ್ಞೆಯವರಲ್ಲಿ ನನ್ನದೂ ಒಂದು ಪ್ರಶ್ನೆ. ವಾರದ ರಜೆಯಲ್ಲಿ ಮಾತ್ರ ಅಡುಗೆಗೆ ಬಿಡುವಿರುವ ನಮ್ಮಂತಹ ಮನೆಗಳು ಏನನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳಬಹುದು? ಮಾತ್ರೆಯನ್ನು ಎಷ್ಟು ದಿನ ನುಂಗಬೇಕು ಎಂಬುದನ್ನೂ ತಿಳಿಸಿ, ಹಿಮೋಗ್ಲೋಬಿನ್ ಸರಿಯಾದ ಕೂಡಲೇ ನಾನು ನಿಲ್ಲಿಸಿದ್ದೆ, ಮತ್ತೆ ಇಳಿದಿದೆ.

ಆಹಾರ ತಜ್ಞೆ

ನಿಮ್ಮ ಹಿಂದಿನ ಆಕ್ಷೇಪ ನ್ಯಾಯವಾದದ್ದು, ಆದ್ದರಿಂದ ಸಮಯ ಉಳಿಸುವುದನ್ನಷ್ಟೇ ಹೇಳುತ್ತೇನೆ. ಬೇಳೆಕಾಳುಗಳನ್ನು ಒಮ್ಮೆಲೇ ನೆನೆಸಿ ಬೇಯಿಸಿ, ದಿನದ ಪಾಲುಗಳಾಗಿ ಫ್ರೀಜರಿನಲ್ಲಿಡಿ. ಮೊಳಕೆ ಬರಿಸಿದರೆ ಕಬ್ಬಿಣಾಂಶದ ಹೀರಿಕೆಯೂ ಸುಧಾರಿಸುತ್ತದೆ. ಸೊಪ್ಪನ್ನು ಬಿಡಿಸಿ, ಒಣಬಟ್ಟೆಯಲ್ಲಿ ಸುತ್ತಿಡಿ, ಹೆಚ್ಚಿ ತೊಳೆದಿಡಬೇಡಿ. ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡದೆ 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿಡಬೇಕು, ತಿನ್ನುವ ಮುನ್ನ ಹಬೆಯಾಡುವಂತೆ ಪೂರ್ತಿ ಬಿಸಿ ಮಾಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಮಗುವಿನ ಆಹಾರವನ್ನು ಆಯಾ ಹೊತ್ತಿಗೆ ಮಾಡುವುದೇ ಸುರಕ್ಷಿತ. ಅಲ್ಲಿ ಕಾಳು ಮತ್ತು ಧಾನ್ಯವನ್ನು ಹುರಿದು ಹಿಟ್ಟು ಮಾಡಿಟ್ಟುಕೊಂಡರೆ ಕುದಿಸಲು ಕೆಲವೇ ನಿಮಿಷ ಹಿಡಿಯುತ್ತದೆ. ಮಹಿಳೆಯರ ಆಹಾರ ವೈವಿಧ್ಯವನ್ನು ಅಳೆಯಲು ಬಳಸುವ ಹತ್ತು ಗುಂಪುಗಳಲ್ಲಿ ದಿನಕ್ಕೆ ಕನಿಷ್ಠ ಐದು ಇರಬೇಕು. ಧಾನ್ಯ ಅಥವಾ ಗಡ್ಡೆ, ಬೇಳೆಕಾಳು, ಹಾಲಿನ ಪದಾರ್ಥ, ಕಡುಹಸಿರು ಸೊಪ್ಪು, ಒಂದು ಹಣ್ಣು ಎಂದರೆ ಐದು ಬಂದವು. ಒಂದು ಹಿಡಿ ಬೀಜ ಅಥವಾ ಒಂದು ಮೊಟ್ಟೆ ಸೇರಿದರೆ ಆರು.

ಮಾತ್ರೆಯ ವಿಷಯ. ಚಿಕಿತ್ಸೆ ಸರಿಹೋದರೆ ಒಂದು ತಿಂಗಳ ಹೊತ್ತಿಗೆ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಿರಬೇಕು. ಏರದಿದ್ದರೆ ಅತಿಯಾದ ಋತುಸ್ರಾವ, ಹೊಟ್ಟೆಹುಳು, ಬಿ12 ಜೀವಸತ್ವದ ಕೊರತೆ ಮೊದಲಾದ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ. ಏರಿ 12 ದಾಟಿದ ಮೇಲೂ ನಿಲ್ಲಿಸಬಾರದು, ಏಕೆಂದರೆ ರಕ್ತದಲ್ಲಿನ ಕೊರತೆ ಮೊದಲು ತುಂಬುತ್ತದೆ, ದೇಹದ ದಾಸ್ತಾನು ಆಮೇಲೆ. ಆ ದಾಸ್ತಾನಿಗಾಗಿ ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸುವುದು ರೂಢಿ. ಅದರ ಕೊನೆಯಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿದರೆ ದಾಸ್ತಾನು ತುಂಬಿದೆಯೇ ಎಂಬುದು ತಿಳಿಯುತ್ತದೆ. ಈ ಸಲ ವೈದ್ಯರ ಚೀಟಿಯ ಮೇಲೆ ಮುಗಿಸುವ ದಿನಾಂಕವನ್ನೂ ಬರೆಸಿಕೊಂಡು ಬನ್ನಿ.